ಸಿಂಹದ ಹಣೆಯ ಕುಂಕುಮ

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ, ಮಾಲೂರಿನ ನಮ್ಮ ಮನೆಯಲ್ಲಿ, ಹಳೇ ನೋಟುಗಳ ಆಲ್ಬಂ ತೆರೆದ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಮಡಿಕೆಯೂ ಬೀಳದ ನೂರರ ನೋಟಿನ ಬಿಳಿ ಜಾಗದಲ್ಲಿ ಹಸಿ ಕುಂಕುಮ!

“ಪೂಜೆಗೆ ನನ್ನ ನೋಟೇ ಬೇಕಿತ್ತೇನೇ? ಇನ್ನು ಇದನ್ನ ಯಾರೂ ಮೂಸಿ ನೋಡಲ್ಲ!” ಎಂದು ಹೆಂಡತಿ ಆದಿಲಕ್ಷ್ಮಿಯ ಮೇಲೆ ಕೂಗಾಡಿದೆ.

“ಬೀರು ಬೀಗದ ಕೈ ನಿಮ್ಮ ಉಡಿದಾರದಲ್ಲೇ ಐತಲ್ರೀ. ನಾನೆಲ್ಲಿಂದ ಮುಟ್ಲಿ?” ಅವಳೂ ಸಿಡುಕಿದಳು.

ನಿಜ. ನೋಟಿನ ಪ್ಲಾಸ್ಟಿಕ್ ಕವರಿನ ಅಂಟು ಕೂಡ ಬಿಚ್ಚಿರಲಿಲ್ಲ. ಕಿಟಕಿಗೆ ಹಿಡಿದೆ. ಬೆಳಕಿಗಷ್ಟೇ ಕಾಣುವ ಸಿಂಹದ ಗುರುತು ಕಾಗದದೊಳಗಿಂದ ಮೂಡಿತು. ಕುಂಕುಮ ಸರಿಯಾಗಿ ಅದರ ಹಣೆಯ ಮೇಲಿತ್ತು.

ಕವರು ಹರಿದು, ಸಿಟ್ಟಿನಲ್ಲಿ ಉಜ್ಜಿ ಒರೆಸಿದೆ. ಹೊಸ ಕವರಿಗೆ ಹಾಕಿ ನಾನೇ ಅಂಟಿಸಿದೆ.

ದೀಪಾವಳಿಯೂ ಕಳೆಯಿತು. ಒರೆಸಿ ಒರೆಸಿ ರೋಸಿಹೋಗಿದ್ದೇನೆ. ಇವತ್ತೂ ಆ ಹಣೆಯ ಮೇಲೆ ಕುಂಕುಮ ಹಸಿಯಾಗಿಯೇ ಇದೆ.