ಸಾಕ್ಷಿಗೆ ಬಂದವಳು

"ಮೆಟ್ಟಿಲು ಹತ್ತಿ ಬಂದ್ಯಾ? ಇಲ್ಲಿನ ಲಿಫ್ಟ್ ಚೆನ್ನಾಗಿದೆ."

ಏಳು ವರ್ಷಗಳ ನಂತರ ಮುಖಾಮುಖಿಯಾಗಿ ಅವನಾಡಿದ ಮೊದಲ ಮಾತು ಇದು!

ಏದುಸಿರು ಬಿಡುತ್ತಾ ನಿಂತವಳಿಗೆ ನಗು ಬಂತು. ಆಸ್ಪತ್ರೆಯ ಆ ಉದ್ದನೆಯ ಬೆಂಚಿನ ತುದಿಯಲ್ಲಿ ಅದೇ ನೀಲಿ ಅಂಗಿ, ಅದೇ ಗೋಡೆ ನೋಡುವ ಕಣ್ಣು. ಅವಳು ದರ್ಜಿ. ಭುಜದ ಹತ್ತಿರ ಅಂಗಿ ಎರಡು ಬೆರಳು ಸಡಿಲವಾಗಿದ್ದು ಒಂದೇ ನೋಟಕ್ಕೆ ತಿಳಿಯಿತು.

ಸೊರಗಿದ್ದಾನೆ...

"ಅಮ್ಮ ಈಗಿಲ್ಲ," ಎಂದ. "ಚಿಕ್ಕಂದಿನಿಂದ ನನ್ನನ್ನ ಬಲ್ಲವರು ಯಾರಾದ್ರೂ ಬರಬೇಕಂತೆ. ಅದಕ್ಕೇ ಫೋನ್ ಮಾಡಿದೆ."

"ಅದಕ್ಕಷ್ಟೇನಾ?"

"ಹೂಂ."

ಪುಣ್ಯಾತ್ಮ! ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಇಬ್ಬರೂ ಬೆಳೆದದ್ದು ಒಂದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಎದುರುಬದುರು ಬಾಗಿಲು. ಶಾಲೆ ಬಿಟ್ಟರೆ ಲಿಫ್ಟಿನಲ್ಲಿ ಮೇಲೆ, ಕೆಳಗೆ, ಮತ್ತೆ ಮೇಲೆ... ವಾಚ್‌ಮನ್ ಬೈಯುವವರೆಗೂ! ಅವಳು ಪಟಪಟ ಮಾತಾಡುತ್ತಿದ್ದಳು. ಅವನು ಗೋಡೆಗೆ ಕಿವಿಯಿಟ್ಟು ಯಂತ್ರದ ಸದ್ದು ಕೇಳುತ್ತಿದ್ದ. ಅವಳಿಗೆ 'ಪಟಾಕಿ' ಎಂದು ಹೆಸರಿಟ್ಟವನೂ ಅವನೇ. ಮುಂದೆ ಲಿಫ್ಟ್ ಮೆಕ್ಯಾನಿಕ್ ಆದ. ಅವಳನ್ನೇ ಮದುವೆಯಾಗುವುದೆಂದೂ ಆಗಿತ್ತು.

ಒಳಗೆ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. "ಇದು ಪೂರ್ತಿ ಪರೀಕ್ಷೆ ಅಲ್ಲ. ಇವರಿಗೆ ಆಟಿಸಂ ಇರಬಹುದಾ, ಮುಂದೆ ಕೂಲಂಕಷವಾಗಿ ನೋಡಬೇಕಾ ಅಂತ ತಿಳ್ಕೊಳ್ಳೋಕೆ ಕೆಲವು ಪ್ರಶ್ನೆ ಅಷ್ಟೇ."

ಅವಳಿಗದು ಅವನ ಮೇಲಿನ ದೂರಿನಂತೆ ಕೇಳಿಸಿತು. ವಕೀಲಿಕೆಗೆ ಟೊಂಕ ಕಟ್ಟಿದಳು.

"ಮುಖ ನೋಡಿ ಮಾತಾಡ್ತಾರಾ?"

"ಓಹೋ, ಧಾರಾಳವಾಗಿ!"

ಅವನು ಕಿಟಕಿ ನೋಡುತ್ತಿದ್ದ.

"ದಿನಚರಿ ತಪ್ಪಿದ್ರೆ ಕಷ್ಟಪಡ್ತಾರಾ?"

"ಛೇ ಛೇ! ಹೇಗಂದ್ರೆ ಹಾಗೆ ಹೊಂದ್ಕೋತಾನೆ."

"ಬೇರೆಯವರು ದುಃಖದಲ್ಲಿದ್ದಾಗ ಏನು ಮಾಡಬೇಕು ಅಂತ ಇವರಿಗೆ ಗೊತ್ತಾಗುತ್ತಾ?"

"ಗೊತ್ತಾ... ಗುತ್ತೆ."

"ಸುಳ್ಳು," ಎಂದ ಅವನು ಮೆಲ್ಲಗೆ. "ಪಟಾಕಿ, ನೀನು ಎಲ್ಲಾ ಸರಿಯಿದೆ ಅಂದ್ರೆ ಇವರು ನನ್ನನ್ನ ಮನೆಗೆ ಕಳಿಸಿಬಿಡ್ತಾರೆ. ನನಗೆ ಗೊತ್ತಾಗಬೇಕು. ಅವತ್ತು ನೀನು ಕಲ್ಲು ಅಂದೆ. ನಾನು ಕಲ್ಲೋ, ಬೇರೆ ಏನಾದ್ರೂನೋ...?"

ಅವಳು ಡಾಕ್ಟರಮ್ಮನ ಕಡೆ ತಿರುಗಿದಳು.

"ನಮ್ಮಪ್ಪ ಹೋದ ದಿನ ಡಾಕ್ಟ್ರೇ... ಮನೆಯೆಲ್ಲಾ ಗೋಳಾಡ್ತಿದ್ರೆ ಇವನು ಪಾನಾ ಹಿಡ್ಕೊಂಡು ಲಿಫ್ಟ್ ರಿಪೇರಿಗೆ ಹೋದ. ಎಲ್ಲರೆದುರಿಗೇ ಕಲ್ಲು ಅಂದುಬಿಟ್ಟೆ. ಸಂಬಂಧವೂ ಅಲ್ಲಿಗೇ ಮುಗೀತು, ನಾವು ಆ ಮನೇನೂ ಬಿಟ್ವಿ."

ಅಂದಿನಿಂದ ಅವಳಿಗೆ ಲಿಫ್ಟ್ ಕಂಡರಾಗದು. ಆದರೆ ಇಷ್ಟು ವರ್ಷ ಕೇಳದೇ ಉಳಿದ ಒಂದು ಮಾತು ಈಗ ತಾನಾಗಿ ಬಾಯಿಗೆ ಬಂತು.

"ಯಾಕೋ ಹೋದೆ?"

"ನಿಮ್ಮಮ್ಮಂಗೆ ಮಂಡಿನೋವು. ಲಿಫ್ಟ್ ಕೆಟ್ಟಿತ್ತು. ನಿಮ್ಮಪ್ಪನ್ನ ಕಳಿಸಿಕೊಡೋಕೆ ಅವರು ಕೆಳಗೆ ಬರೋದು ಹೇಗೆ?"

ಹೌದು... ಅಮ್ಮ ಬಂದಿದ್ದಳು! ಅದೇ ಲಿಫ್ಟಿನಲ್ಲಿ, ಮಗಳ ಭುಜಕ್ಕೊರಗಿ!

"ಬಾಯಿಬಿಟ್ಟು ಹೇಳಬಾರದಿತ್ತೇನೋ!"

"ನೀನೂ ಅದರಲ್ಲೇ ಇಳಿದೆಯಲ್ಲ. ಗೊತ್ತಾಗಿರುತ್ತೆ ಅಂದ್ಕೊಂಡೆ."

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತಳು. "ಮೊದಲಿಂದ ಕೇಳಿ ಡಾಕ್ಟ್ರೇ. ಈ ಸಲ ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

ಎಲ್ಲ ಕೇಳಿ ಡಾಕ್ಟರಮ್ಮ ಹೇಳಿದರು. "ಪೂರ್ತಿ ಪರೀಕ್ಷೆ ಮಾಡೋಣ. ಆಟಿಸಂ ಹೌದೋ ಅಲ್ಲವೋ ಅನ್ನೋದು ಆಮೇಲೆ. ಆಗಲೂ ನೀವು ಬರಬೇಕಾಗುತ್ತಮ್ಮ."

ಹೊರಗೆ ಬಂದಾಗ ಅವಳ ಕಾಲು ಮೆಟ್ಟಿಲ ಕಡೆ ತಿರುಗಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು.

"ಆಗ ನಾನೂ ಸುಳ್ಳು ಹೇಳಿದೆ," ಎಂದ ಅವನು, ಗುಂಡಿಗಳನ್ನು ನೋಡುತ್ತಾ. "ಫೋನ್ ಮಾಡಿದ್ದು ಅದಕ್ಕಷ್ಟೇ ಅಲ್ಲ. ನೀನಿಲ್ಲದೆ ಮನೆಯಲ್ಲಿ ಸದ್ದೇ ಇಲ್ಲ ಕಣೇ."

ಅವಳ ಕಣ್ಣು ತುಂಬಿ ಹರಿಯಿತು.

"ಅಳ್ತಿದ್ದೀಯ... ನಾನೇನು ಮಾಡ್ಬೇಕು?"

"ಏನೂ ರಿಪೇರಿ ಮಾಡ್ಬೇಡ ಮಹರಾಯ. ಪಕ್ಕದಲ್ಲಿ ನಿಂತ್ಕೊ, ಸಾಕು."

ನಿಂತ. ಕೆಳಗೆ ಬಾಗಿಲು ತೆರೆಯಿತು. ಅವಳು ಇಳಿಯಲಿಲ್ಲ, ಮತ್ತೆ ಮೇಲಿನ ಗುಂಡಿ ಒತ್ತಿದಳು.

"ಎಷ್ಟು ಹೊತ್ತು?"

"ವಾಚ್‌ಮನ್ ಬೈಯೋವರೆಗೂ."