ಮಂಗಮ್ಮನ ಒಳಮನೆಯ ನೆಲ

ಒಂದೂರಲ್ಲಿ ಒಬ್ಬ ರಾಜನಿದ್ದ. ರಾಜಧಾನಿ ಗುಂಡ್ಲುಪೇಟೆ, ರಥ ಈರುಳ್ಳಿ ಲಾರಿ. ರಾಣಿಯ ಮಂಡಿ ಊದಿಕೊಂಡದ್ದು ಕಂಡು ಮರುಗಿ, "ಯುಗಾದಿಯಿಂದಾಚೆಗೆ ನಮ್ಮನೇಲಿ ಸಗಣಿ ಸಾರಿಸೋ ಕೆಲ್ಸನೇ ಇರಕೂಡ್ದು ಕಣಮ್ಮಿ" ಎಂದು ಮಾತು ಕೊಟ್ಟ. ಘಟ್ಟ ಇಳಿದು ಹೋಗಿ, ಮರದ ಹಲಗೆಯಂತೆ ಕಾಣುವ ವಿನೈಲ್ ಪಟ್ಟಿಗಳನ್ನು ತಂದ. ಮಣ್ಣುನೆಲಕ್ಕೆ ಸಿಮೆಂಟು ಬಳಿಸಿ ಆರಲು ಬಿಟ್ಟ. ನೆಲ ಆರುವಷ್ಟರಲ್ಲಿ ಪಟ್ಟಿಗಳು ಮಾಯ.

ಅಜ್ಜಿಕತೆಯಾಗಿದ್ದರೆ ರಾಕ್ಷಸ ಹೊತ್ತೊಯ್ದ ಎನ್ನಬಹುದಿತ್ತು. ಠಾಣೆಯಲ್ಲಿ ಹಾಗೆ ಬರೆಯಲು ಬರುವುದಿಲ್ಲ. 1996ರ ಮಾರ್ಚ್ 12ರ ಸಂಜೆ, ಲಾರಿ ಚಾಲಕ ರಾಜಣ್ಣನ ದೂರಿನ ಮೇಲೆ ಕಲಂ 380ರಡಿ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಮಹದೇವಯ್ಯ ಸ್ಥಳಕ್ಕೆ ಬಂದರು. ಜೊತೆಗೆ ಕಾನ್ಸ್‌ಟೇಬಲ್ ಭಾನು, ಚಂದಕವಾಡಿಯ ಹುಡುಗಿ.

"ಮನೇಲಿ ಯಾರಿದ್ರು?"

"ಯಾರೂ ಇಲ್ಲ ಸ್ವಾಮಿ, ನಾನು ಅಂಗಡಿ ಬೀದಿಗೋಗಿದ್ದೆ," ಎಂದಳು ರಾಜಣ್ಣನ ಹೆಂಡತಿ ಸಣ್ಣತಾಯಮ್ಮ.

"ಬೀಗ?"

"ಮುಂಬಾಗ್ಲಿಗೆ ಆಕಿದ್ದೆ. ಹಿತ್ಲು ಬಾಗ್ಲಿಗೆ ಬರೀ ಅಗುಳಿ. ಅದನ್ನ ತೆಗಿಯೋ ಗುಟ್ಟು ಮನೆಯೋರ್ಗೇ ಗೊತ್ತು."

ಒಂದೇ ಗೋಡೆಯ ಆಚೆ ಅವಳ ಓರಗಿತ್ತಿ ಮಂಗಮ್ಮನ ಮನೆ. ಗಂಡ ಮಾದೇಶ್ ಮದ್ದೂರು ಕಾಡಿನಲ್ಲಿ ವಾಚರ್, ವಾರಕ್ಕೊಮ್ಮೆ ಬರುವವನು.

"ನಿನ್ನೆ ಈ ಕಡೆ ಯಾರಾದ್ರೂ ಬಂದಿದ್ರಾ?" ಅಲ್ಲಿಗೆ ಹೋಗಿ ಮಹದೇವಯ್ಯ ಮಂಗಮ್ಮನನ್ನು ಕೇಳಿದರು.

"ಇಲ್ಲಿಗ್ಯಾರ್ ಬತ್ತಾರೆ ಸ್ವಾಮಿ? ಅರಮನೆ ಕಟ್ತಿರೋದು ಪಕ್ಕದಲ್ಲಿ."

ಭಾನು ನೀರು ಕೇಳಿದಳು. ಮಂಗಮ್ಮ ಅಡುಗೆಮನೆಗೆ ಹೋದಳು. ಭಾನುವಿನ ಕಣ್ಣು ಒಳಮನೆಯ ನೆಲದ ಮೇಲೆ ನಿಂತಿತು. ಕೆಲಸ ಸಿಗುವವರೆಗೆ ಅವಳೂ ಸಾರಿಸಿದವಳೇ. ಮಣ್ಣುನೆಲ ಸಗಣಿನೀರನ್ನು ಕುಡಿದು ಕಚ್ಚಿಕೊಳ್ಳುತ್ತದೆ. ಇಲ್ಲಿ ಸಗಣಿ ಬತ್ತಿದ ಕೆರೆಯಂಗಳದಂತೆ ಬಿರಿದು, ಹಕ್ಕಳೆಯಾಗಿ ಎದ್ದಿತ್ತು. ಈ ನೆಲಕ್ಕೆ ಬಾಯಾರಿಕೆಯೇ ಇಲ್ಲವಲ್ಲ ಅನ್ನಿಸಿತು. ಹೆಬ್ಬೆರಳಿನಿಂದ ಕೆರೆದಳು. ಅಡಿಯಲ್ಲಿ ತೇಗದ ಬಣ್ಣ ಮಿನುಗಿತು.

ನೀರಿನ ಚೆಂಬು ಹಿಡಿದು ಬಂದ ಮಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಏನಮ್ಮ ಇದು?"

"ಕಾಲಿಟ್ರೆ ತಣ್ಣಗದೆ," ಎಂದಳು ಮಂಗಮ್ಮ.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿ ಜಪ್ತಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಂಗಮ್ಮನನ್ನು ದಸ್ತಗಿರಿ ಮಾಡಲಾಯಿತು.

"ಮಾರೋಕಲ್ಲ, ಹಾಸ್ಕೊಳ್ಳೋಕೆ ಕದ್ದಿದ್ದೀಯ. ಯಾಕೆ?" ಜೀಪಿನಲ್ಲಿ ಭಾನು ಕೇಳಿದಳು.

"ಅಕ್ಕನ ಮಂಡಿ ಊದ್ಕಂಡ್ಮೇಲೆ ಎರಡು ಮನೆನೂ ಸಾರಿಸ್ತಿದ್ದೋಳು ನಾನು ಕಣವ್ವ. ಬಾವ ನನ್ನ ದಾಟ್ಕಂಡೇ ಓಡಾಡ್ತಿದ್ರು. ಬಗ್ಗಿದ್ದು ನಾನು, ಮಾತು ಕೊಟ್ಟಿದ್ದು ಅವಳ್ಗೆ."

"ನಿನ್ನ ಗಂಡನ್ನ ಕೇಳ್ಬೇಕಿತ್ತು."

"ಕೇಳ್ದೆ. ಆನೆ ಲದ್ದಿ ತತ್ತೀನಿ ಸಾರ್ಸು, ಬೇಗ ಮುಗೀತದೆ ಅಂತ ನಗಾಡ್ಬುಟ್ರು."

ಮುಂದೆ ಕುಳಿತಿದ್ದ ಮಹದೇವಯ್ಯನವರ ಹೆಗಲು ನಗುವಿಗೆ ಒಮ್ಮೆ ಅಲುಗಿತು. ಮಂಗಮ್ಮ ನಗಲಿಲ್ಲ. ಸೀರೆ ಸರಿಸಿ ಮಂಡಿ ತೋರಿಸಿದಳು. ಆಮೆಯ ಬೆನ್ನಿನಂತೆ ಜಡ್ಡುಗಟ್ಟಿತ್ತು. "ಇದು ಯಾವ ರಾಯನ ಕಣ್ಣಿಗೂ ಬೀಳ್ನಿಲ್ಲ," ಎಂದಳು.

ಅವಳಿಗೆ ಜಾಮೀನು ಸಿಕ್ಕಿತು. ನ್ಯಾಯಾಲಯ ಮುದ್ದೆಮಾಲಾಗಿದ್ದ ಪಟ್ಟಿಗಳನ್ನು ರಾಜಣ್ಣನಿಗೆ ಬಿಟ್ಟುಕೊಟ್ಟಿತು. ಯುಗಾದಿಯ ಹಿಂದಿನ ದಿನ ಭಾನು ಸಹಿಗಾಗಿ ಹೋದಾಗ, ಅವನು ಗೋಂದು ಬಳಿದು ಪಟ್ಟಿ ಕೂರಿಸುತ್ತಿದ್ದ. ಸಣ್ಣತಾಯಮ್ಮ ಮಂಚದ ಮೇಲೆ ಕಾಲು ಚಾಚಿ ನೋಡುತ್ತಿದ್ದಳು. ಗೋಡೆಯಾಚೆ ಸಾರಿಸುವ ಅಂಗೈ ನೆಲದ ಮೇಲೆ ಸರ್ ಸರ್ ಎಂದು ಓಡುತ್ತಿತ್ತು.

ಕೊನೆಯ ಪಟ್ಟಿ ಗೋಡೆಗೊತ್ತಿ ಕೂತಾಗ ಆ ಸದ್ದು ತುಸು ನಿಂತಿತು. ರಾಜಣ್ಣ ತಲೆ ಎತ್ತಿ ಗೋಡೆಯನ್ನು ನೋಡಿದ. ಮತ್ತೆ ಬಗ್ಗಿ, ಅಂಚು ಕಚ್ಚುವವರೆಗೂ ಅದುಮಿ ಹಿಡಿದ.