ಎದುರು ದಿಕ್ಕಿನ ಭಾನುವಾರ

ಮೊದಲ ಭೇಟಿ ಶುರುವಾದದ್ದೇ ಜಗಳದಿಂದ.

"ರೀ, ನೀವು ಉಲ್ಟಾ ಬರ್ತಾ ಇದ್ದೀರಿ," ಎಂದಳು ಅವಳು, ಕಾಲುದಾರಿಯ ನಟ್ಟನಡುವೆ ನಿಂತು.

"ಉಲ್ಟಾ ಬರ್ತಿರೋದು ನೀವು," ಎಂದ ಅವನು. "ಗೇಟಲ್ಲಿ ಬೋರ್ಡ್ ನೋಡಲಿಲ್ವಾ? ಬಾಣದ ಗುರುತು ಹಾಕಿದ್ದಾರಲ್ಲ."

"ನೋಡ್ಕೊಂಡೇ ಬಂದೆ. ಬಾಣ ಹೀಗಿದೆ."

"ಇಲ್ಲ, ಹೀಗಿದೆ."

ದಾರಿ ಒಬ್ಬರು ನಡೆಯುವಷ್ಟೇ ಅಗಲವಿತ್ತು. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ನದಿ. ಯಾರಾದರೊಬ್ಬರು ಸೋಲಬೇಕಿತ್ತು. ಕೊನೆಗೆ ಅವನೇ ಪಕ್ಕದ ಬಂಡೆ ಹತ್ತಿ, ಟ್ರಾಫಿಕ್ ಪೊಲೀಸರ ಹಾಗೆ ಕೈಬೀಸಿ ದಾರಿ ಬಿಟ್ಟುಕೊಟ್ಟ. ಅವಳಿಗೆ ನಗು ಉಕ್ಕಿ ಬಂತು. ಗುರುತು ಪರಿಚಯವಿಲ್ಲದವನ ಮುಂದೆ ನಗುವುದೇಕೆಂದು ಬಿಗುವಾಗಿ ಮುಖ ತಿರುಗಿಸಿಕೊಂಡು ಹೋದಳು.

ಮುಂದಿನ ಭಾನುವಾರ ಅದೇ ಬಂಡೆಯ ಹತ್ತಿರ ಮತ್ತೆ ಎದುರಾದಾಗ ಇಬ್ಬರೂ ಮಾತಿಲ್ಲದೆ ಫೋನ್ ತೆಗೆದರು. ಇಬ್ಬರೂ ಬೋರ್ಡಿನ ಫೋಟೊ ಹೊಡೆದುಕೊಂಡು ಬಂದಿದ್ದರು. ಮೇಲಿನ ಗೇಟಿನ ಬಾಣ ಅವಳು ಹೇಳಿದಂತೆಯೇ ಇತ್ತು, ಕೆಳಗಿನ ಗೇಟಿನದು ಅವನು ಹೇಳಿದಂತೆ.

"ಅಂದ್ರೆ ಇಬ್ರೂ ಸರಿ," ಎಂದ ಅವನು, ಸ್ವಲ್ಪ ನಿರಾಸೆಯಿಂದಲೇ.

"ನಾನು ಸ್ವಲ್ಪ ಜಾಸ್ತಿ ಸರಿ."

ಅವನು ನಕ್ಕ. ನಗುವಾಗ ಎಡಗಡೆಯ ಕೋರೆಹಲ್ಲು ಉಳಿದವಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದು ನಿಂತಿತು. ಅವಳ ಕಣ್ಣು ಅಲ್ಲೇ ಸಿಕ್ಕಿಹಾಕಿಕೊಂಡಿತು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ, ಅವಳ ಕಸುಬೇ ಹಲ್ಲು. ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಪಾಲಿಶ್ ಮಾಡಿ ಕಟ್ಟುಹಲ್ಲಿನ ಸೆಟ್ಟು ಸಿದ್ಧಪಡಿಸುವುದು. ಕಿಟಕಿಯ ಪಕ್ಕ ಒಂದು ಮೇಜು, ಸಣ್ಣ ಬರ್ನರು, ಗುಂಯ್ ಎನ್ನುವ ಮೋಟಾರು, ಬಿಳಿ ಪುಡಿ ಮೆತ್ತಿದ ಏಪ್ರನ್. ಹನ್ನೆರಡು ವರ್ಷ ಊರಿನವರ ಬಾಯಿಗೆ ಹಲ್ಲು ಕಟ್ಟಿಕೊಟ್ಟವಳಿಗೆ ತನ್ನ ಬಾಯಿ ತೆರೆಯುವುದು ಮಾತ್ರ ಕಷ್ಟ. ಮೂವತ್ತಾರು ತುಂಬಿದರೂ ಬೇಕಾದದ್ದನ್ನು ಬೇಕು ಎಂದು ಕೇಳಿದವಳಲ್ಲ. ಅವಳ ಅಕ್ಕ ದಿನಕ್ಕೊಮ್ಮೆಯಾದರೂ ಇದನ್ನು ಎತ್ತಿ ಆಡದೆ ಊಟಕ್ಕೆ ಕೂರುತ್ತಿರಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. "ವಾರವೆಲ್ಲಾ ಮೇಲೆ ಕೆಳಗೆ, ಮೇಲೆ ಕೆಳಗೆ," ಎಂದಿದ್ದ. "ಒಂದು ದಿನವಾದ್ರೂ ಮುಂದಕ್ಕೆ ಹೋಗೋಣ ಅಂತ ಇಲ್ಲಿಗೆ ಬರ್ತೀನಿ."

ಆ ನದಿ ಉದ್ಯಾನಕ್ಕೆ ಬರುವವರೇ ಕಡಿಮೆ. ಜೋಕಾಲಿಯಿಲ್ಲ, ಅಂಗಡಿಯಿಲ್ಲ, ಮರ, ಹಕ್ಕಿ, ನೀರು, ಅಷ್ಟೆ. ಎರಡೂ ದಡದಲ್ಲಿ ಕಾಲುದಾರಿ, ಮೇಲೊಂದು ಸೇತುವೆ, ಕೆಳಗೊಂದು ಸೇತುವೆ, ಎರಡರ ಪಕ್ಕದಲ್ಲೂ ಈ ದಡದಲ್ಲಿ ಒಂದೊಂದು ಗೇಟು. ಒಂದು ದಡದಲ್ಲಿ ಇಳಿದು ಇನ್ನೊಂದು ದಡದಲ್ಲಿ ಹತ್ತಿ ಬಂದರೆ ಒಂಬತ್ತು ಕಿಲೋಮೀಟರಿನ ಒಂದು ಸುತ್ತು. ಅವಳ ಬಸ್ಸು ಮೇಲಿನ ಗೇಟಿಗೆ ಬರುತ್ತಿತ್ತು, ಅವನದು ಕೆಳಗಿನ ಗೇಟಿಗೆ. ಎಂಟು ಗಂಟೆಗೆ ಇಬ್ಬರೂ ತಮ್ಮ ತಮ್ಮ ಬಾಣ ಹಿಡಿದು ಹೊರಟರೆ, ಸುತ್ತು ಮುಗಿಯುವುದರೊಳಗೆ ಎರಡು ಸಲ ಎದುರಾಗುತ್ತಿದ್ದರು. ಮೊದಲು ಈ ದಡದ ಬಂಡೆಯ ಹತ್ತಿರ, ಒಂದೂವರೆ ಗಂಟೆ ಬಿಟ್ಟು ಆ ದಡದ ಬೆಂಚಿನ ಹತ್ತಿರ.

ಹಾಗಾಗಿ ಅವರ ಮಾತುಕತೆಗೂ ಅದೇ ಅಳತೆ ಬಂತು. ಬಂಡೆಯ ಹತ್ತಿರ ಪ್ರಶ್ನೆ, ಬೆಂಚಿನ ಹತ್ತಿರ ಉತ್ತರ.

"ಹಲ್ಲಿನ ಮೇಡಂ," ಎಂದು ಕರೆಯುತ್ತಿದ್ದ ಅವನು. "ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರು ಮೊದಲು ಏನು ಕೇಳ್ತಾರೆ, ಹೇಳಿ ನೋಡೋಣ."

ಅವಳು ಒಂದೂವರೆ ಗಂಟೆ ಅದನ್ನೇ ಮೆಲುಕು ಹಾಕುತ್ತ ನಡೆದಳು. "ಬಾಗಿಲು ತೆಗೀರಿ ಅಂತಾರೆ," ಎಂದಳು ಬೆಂಚಿನ ಹತ್ತಿರ.

"ಅಲ್ಲ. 'ಯಾರಾದ್ರೂ ಇದ್ದೀರಾ' ಅಂತಾರೆ. ಇದ್ದೀನಿ ಅಂತ ಹೇಳ್ತಾ ಇದ್ರೆ ಸಾಕು, ಅರ್ಧ ಗಂಟೆ ಬೇಕಾದ್ರೂ ಸುಮ್ಮನೆ ನಿಂತಿರ್ತಾರೆ."

ಇನ್ನೊಂದು ಭಾನುವಾರ ಅವಳ ಸರದಿ. "ಲಿಫ್ಟ್ ಸಾರ್, ಹೊಸ ಹಲ್ಲು ಹಾಕಿಸಿಕೊಂಡವರು ಮೊದಲ ವಾರ ಏನು ಮಾಡ್ತಾರೆ?"

ಅವನು ಬೆವರೊರೆಸಿಕೊಳ್ಳುತ್ತ ಬೆಂಚಿನ ಹತ್ತಿರ ಬಂದು, "ಕನ್ನಡಿ ನೋಡ್ತಾರೆ," ಎಂದ.

"ಇಲ್ಲ. ಆಗಾಗ ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡ್ಕೊಳ್ತಾರೆ. ಇದು ನಂದೇನಾ ಅಂತ ನಂಬಿಕೆ ಬರೋದಿಲ್ಲ."

ಅವನು ಉತ್ತರ ಕೇಳಿಸಿಕೊಂಡು ಅವಳನ್ನೇ ನೋಡುತ್ತ ನಿಂತ. ಬೇಕಾದ್ದಕ್ಕಿಂತ ಮೂರು ಉಸಿರಿನಷ್ಟು ಹೆಚ್ಚು ನಿಂತ. ಅವಳು ಸುಮ್ಮನೆ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

ಹೀಗೆ ಏಳು ತಿಂಗಳು. ಒಬ್ಬರಾದರೂ "ತಿರುಗಿ ನಿಮ್ಮ ಜೊತೆ ಬರ್ತೀನಿ" ಎನ್ನಲಿಲ್ಲ. ಹಾಗೆ ಅಂದರೆ ಎಲ್ಲವನ್ನೂ ಹೇಳಿದಂತೆ ಎಂದು ಇಬ್ಬರಿಗೂ ಗೊತ್ತಿತ್ತು. ಫೋನ್ ನಂಬರು ಸಹ ಕೇಳಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅವಳು ಯಾರ ಯಾರದೋ ಹಲ್ಲು ಉಜ್ಜುತ್ತ ಒಂದು ಕೋರೆಹಲ್ಲನ್ನು ನೆನೆಯುತ್ತಿದ್ದಳು. ಹಲ್ಲು ನೆನೆದು ನಿಟ್ಟುಸಿರುಬಿಟ್ಟ ಹೆಂಗಸು ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಆಮೇಲೆ ಒಂದು ಭಾನುವಾರ ಬೆಂಚಿನ ಹತ್ತಿರ ಅವನು ಎಂದಿನಂತೆ ನಗಲಿಲ್ಲ.

"ಮುಂದಿನ ವಾರ ನಂದು ಇಲ್ಲಿ ಕೊನೇ ಸುತ್ತು," ಎಂದ. "ಕಂಪನಿಯವರು ಬೇರೆ ಊರಿಗೆ ಹಾಕಿದ್ದಾರೆ. ದೊಡ್ಡ ದೊಡ್ಡ ಕಟ್ಟಡ ಏಳ್ತಾ ಇವೆಯಂತೆ. ಎರಡು ವರ್ಷದ ಕೆಲಸ. ಸುತ್ತು ಮುಗಿಸಿದ ತಕ್ಷಣ, ಹನ್ನೊಂದಕ್ಕೆ, ಕೆಳಗಿನ ಗೇಟಿಗೆ ಜೀಪ್ ಬರುತ್ತೆ."

"ಓ," ಎಂದಳು ಅವಳು. ಒಳಗೆ ಯಾರೋ ಕೊಡ ಬಗ್ಗಿಸಿದಂತೆ ಎಲ್ಲವೂ ಖಾಲಿಯಾಯಿತು. "ಒಳ್ಳೇದಾಯ್ತು ಬಿಡಿ, ಅಲ್ಲಿ ಲಿಫ್ಟ್ ಜಾಸ್ತಿ ಇರುತ್ತೆ," ಎಂದು ಬೇರೆ ಸೇರಿಸಿದಳು. ಹೇಳಿದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು.

ಆ ವಾರ ಅವಳು ಒಂದು ಸೆಟ್ಟಿಗೆ ಮೇಲಿನ ಹಲ್ಲನ್ನು ಕೆಳಗೆ ಕೂರಿಸಿಬಿಟ್ಟಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಶನಿವಾರ ಸಂಜೆ ಅಡುಗೆಮನೆಯಲ್ಲಿ ಅಕ್ಕ ಹಿಟ್ಟು ಕಲಸುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು.

"ಏನೇ ಇದು, ಊಟ ಇಲ್ಲ, ಮಾತಿಲ್ಲ. ಪ್ರತಿ ವಾರ ಹೇಳ್ತೀಯಲ್ಲ, ಆ ಲಿಫ್ಟಿನವರು ಏನಾದ್ರೂ ಅಂದ್ರಾ?"

ಅವಳು ಎಲ್ಲವನ್ನೂ ಹೇಳಿದಳು. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಭಾವ ಪುಟ ತಿರುಗಿಸುವುದನ್ನು ಮರೆತು ಕಿವಿಯನ್ನೆಲ್ಲ ಇತ್ತ ಕೊಟ್ಟಿದ್ದರು.

"ಏಳು ತಿಂಗಳು," ಎಂದಳು ಅಕ್ಕ. "ನಾನೂ ನಿಮ್ಮ ಭಾವನೂ ಅಷ್ಟರಲ್ಲಿ ಮದುವೆಯಾಗಿ ಮೂರು ಸಲ ಜಗಳ ಆಡಿ ಮುಗಿಸಿದ್ವಿ."

"ನಾಲ್ಕು," ಎಂದರು ಭಾವ ನಡುಮನೆಯಿಂದ.

"ನೋಡು, ಮಾತಾಡೋಕೆ ಬರಲ್ಲ ಅಂದ್ರೆ ಕಾಲಾದ್ರೂ ಇದೆಯಲ್ಲ. ಅವರು ನಡೆಯೋ ದಿಕ್ಕಿಗೇ ನೀನೂ ನಡಿ. ಪೂರ್ತಿ ಸುತ್ತು ಜೊತೆಗೇ ಹೋಗಬಹುದು. ನಿನ್ನ ನೋಡಿದ ಕೂಡಲೇ ಅವರಿಗೆ ಅರ್ಥ ಆಗುತ್ತೆ."

ಇಷ್ಟು ಸುಲಭವಾದದ್ದು ತನಗೇಕೆ ಹೊಳೆಯಲಿಲ್ಲ? ಅಕ್ಕ ಆ ಉದ್ಯಾನಕ್ಕೆ ಒಮ್ಮೆಯೂ ಕಾಲಿಟ್ಟವಳಲ್ಲ ಎನ್ನುವುದು ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ.

ಭಾನುವಾರ ಬೇಗನೆ ಬಂದಳು. ನದಿಯ ಮೇಲೆ ದಟ್ಟ ಮಂಜು ಕೂತಿತ್ತು, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಬೋರ್ಡಿನ ಬಾಣಕ್ಕೆ ಬೆನ್ನು ಹಾಕಿ, ಮೊದಲೇ ಮೇಲಿನ ಸೇತುವೆ ದಾಟಿ, ಆಚೆ ದಡದಲ್ಲಿ ಇಳಿಯತೊಡಗಿದಳು. ಏಳು ತಿಂಗಳ ಪರಿಚಯದ ದಾರಿಯೇ ಎದುರಿನಿಂದ ನಡೆದರೆ ಹೊಸದಾಗಿ ಕಾಣುತ್ತಿತ್ತು. ಇದೇ ಮರಗಳನ್ನು ಅವನು ಈ ಕಡೆಯಿಂದ ನೋಡುತ್ತಾನಲ್ಲ ಎಂದುಕೊಂಡಾಗ ಹಿತವೆನಿಸಿತು. ತಾನು ಬೇಗ ಬಂದಿದ್ದರಿಂದ ಅವನು ಹಿಂದಿರಬೇಕು, ಬೆಂಚಿನ ಮೇಲೆ ಕಾಯೋಣ ಎಂದು ಕೂತಳು.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಹಿಂದಿನಿಂದ ಯಾರೂ ಬರಲಿಲ್ಲ. ಬಾಯಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಮಾತು ಒಂದೊಂದಾಗಿ ಹುಳಿಯಾಗತೊಡಗಿತು. ಬಂದಿಲ್ಲ. ಕೊನೆಯ ಸುತ್ತೂ ಬೇಡ ಎನ್ನಿಸಿರಬೇಕು. ಅಲ್ಲಿ ಲಿಫ್ಟ್ ಜಾಸ್ತಿ ಎಂದು ಹೇಳಿ ಕಳಿಸಿದ್ದು ತಾನೇ ಅಲ್ಲವೇ? ಅವಳಿಗೆ ಅಳು ಒತ್ತಿಕೊಂಡು ಬಂತು, ನೋಡುವವರು ಯಾರೂ ಇಲ್ಲದ್ದರಿಂದ ಅತ್ತಳು.

ಹತ್ತಕ್ಕೆ ಸ್ವಲ್ಪ ಮುಂಚೆ ಬಿಸಿಲು ಚುರುಕಾಗಿ ಮಂಜು ಏಳತೊಡಗಿತು. ಮೊದಲು ಈ ಬದಿಯ ನೀರು ಕಂಡಿತು, ಆಮೇಲೆ ನಡುವಿನ ಕಲ್ಲುಗಳು, ಆಮೇಲೆ ಆಚೆ ದಡ. ಆಚೆ ದಡದಲ್ಲಿ ಬಂಡೆ. ಬಂಡೆಯ ಮೇಲೆ, ಮೊಣಕಾಲು ತಬ್ಬಿಕೊಂಡು, ಅವಳು ಬರಬೇಕಾದ ದಾರಿಯನ್ನೇ ನೋಡುತ್ತ ಅವನು ಕೂತಿದ್ದ.

ಅವಳು ಬೆಪ್ಪಾಗಿ ಎದ್ದು ನಿಂತಳು. ಎರಡು ಗೇಟು, ಎರಡು ದಡ. ಅವನು ತನ್ನ ಗೇಟಿನಿಂದ ಮೊದಲು ಬಂಡೆಯ ದಡದಲ್ಲಿ ಹತ್ತಿ ಬಂದ ಮೇಲಲ್ಲವೇ ಈ ದಡಕ್ಕೆ ದಾಟುವುದು? ಒಂದು ಗಂಟೆಯಿಂದ ಇಬ್ಬರೂ ಎದುರುಬದುರೇ ಕೂತಿದ್ದರು, ಮಧ್ಯೆ ಇಷ್ಟಗಲದ ನೀರು ಇಟ್ಟುಕೊಂಡು. ಅವಳು ತಿರುಗದೆ ಬಂದಿದ್ದರೆ ಸಿಗುತ್ತಿದ್ದ. ಅವನು ಕಾಯದೆ ನಡೆದಿದ್ದರೂ ಸಿಗುತ್ತಿದ್ದ.

"ರೀ," ಎಂದು ಕೂಗಿದಳು. ನೀರಿನ ಸದ್ದು ನುಂಗಿಹಾಕಿತು. ದುಪಟ್ಟಾ ತೆಗೆದು ಎರಡೂ ಕೈಯಲ್ಲಿ ಬೀಸಿದಳು. ಅವನು ತಲೆ ಎತ್ತಿದ. ಒಂದು ಗಳಿಗೆ ಹಾಗೇ ನೋಡಿದ. ಆಮೇಲೆ ಬಂಡೆಯಿಂದ ಧುಮುಕಿ, ಅಲ್ಲೇ ಇರಿ, ನಾನು ಬರ್ತೀನಿ ಎನ್ನುವಂತೆ ಕೈಮಾಡಿ ಮೇಲಿನ ಸೇತುವೆಯ ಕಡೆಗೆ ಓಡತೊಡಗಿದ. ಅದೇ ಹೊತ್ತಿಗೆ ಅವಳು ಕೆಳಗಿನ ಸೇತುವೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟಾಗಿತ್ತು.

ಇಬ್ಬರೂ ತಿರುಗಿ ನೋಡಿ ನಿಂತರು. ಅವನು ಕೆಳಗೆ ಹೊರಟ, ಇವಳು ಮೇಲೆ ಹೊರಟಳು. ಮತ್ತೆ ನಿಂತರು. ಅವನು ತಲೆಯ ಮೇಲೆ ಕೈ ಹೊತ್ತುಕೊಂಡ. ಅಷ್ಟು ದೂರದಿಂದಲೂ ಅವನು ನಗುತ್ತಿರುವುದು ಅವಳಿಗೆ ತಿಳಿಯಿತು. ಅವಳು ಮಣಿಕಟ್ಟಿನ ಗಡಿಯಾರ ತಟ್ಟಿ, ಕೆಳಗಿನ ಸೇತುವೆಯತ್ತ ನೇರವಾಗಿ ಬೆರಳು ತೋರಿಸಿದಳು. ಜೀಪ್ ಬರುವುದು ಅಲ್ಲಿಗೇ. ಅವನು ದೊಡ್ಡದಾಗಿ ತಲೆಯಾಡಿಸಿದ.

ನಡೆದರು. ಅವನು ಆ ದಡದಲ್ಲಿ, ಇವಳು ಈ ದಡದಲ್ಲಿ. ಅವನು ಮರಗಳ ಹಿಂದೆ ಮರೆಯಾದಾಗ ಅವಳ ಹೆಜ್ಜೆ ತಾನಾಗಿ ಜೋರಾಗುತ್ತಿತ್ತು, ಬಯಲಿಗೆ ಬಂದು ಕೈಯೆತ್ತಿದಾಗ ನಿಧಾನವಾಗುತ್ತಿತ್ತು. ಇವಳನ್ನೇ ನೋಡುತ್ತ ನಡೆದು ಅವನು ಒಂದು ಕಡೆ ಎಡವಿ ಬಿದ್ದ. ಎದ್ದು, ಏನೂ ಆಗಿಲ್ಲ ಎಂದು ಸರ್ಕಸ್ಸಿನವರ ಹಾಗೆ ನಮಸ್ಕಾರ ಮಾಡಿದ. ಅವಳು ಗಟ್ಟಿಯಾಗಿ ನಕ್ಕಳು, ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು. ಏಳು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಂದೇ ಕಡೆಗೆ ನಡೆಯುತ್ತಿದ್ದರು. ಈ ಮನುಷ್ಯನನ್ನು ಬಿಟ್ಟು ಇನ್ನು ಇರಲಾರೆ ಎಂದು ಅವಳಿಗೆ ಆ ದಡದಲ್ಲೇ ಖಚಿತವಾಯಿತು.

ಸೇತುವೆಯ ನಡುವೆ ಬಂದು ನಿಂತಾಗ ಇಬ್ಬರಿಗೂ ಏದುಸಿರು. ಹನ್ನೊಂದಕ್ಕೆ ಏಳು ನಿಮಿಷವಿತ್ತು.

"ನಿಮ್ಮ ಜೊತೆ ನಡೆಯೋಣ ಅಂತ ತಿರುಗಿ ಬಂದೆ," ಎಂದಳು. "ಲೆಕ್ಕ ತಪ್ಪಿತು."

"ನಾನೂ ತಿರುಗೋಣ ಅಂತಿದ್ದೆ. ವಾರವೆಲ್ಲಾ ಅದೇ ಯೋಚನೆ. ಆದ್ರೆ ನೀವು ಬಂಡೆ ಹತ್ರ ಬಂದು, ಅಲ್ಲಿ ನಾನು ಇಲ್ದೇ ಹೋದ್ರೆ?" ಅವನು ಉಸಿರು ಎಳೆದುಕೊಂಡ. "ಅದಕ್ಕೇ ಕೂತಲ್ಲೇ ಕೂತೆ."

ಗೇಟಿನಾಚೆ ಜೀಪು ಬಂದು ನಿಂತ ಸದ್ದು. ಒಂದು ಹಾರ್ನ್.

ಅವನು ಜೀಪಿನ ಕಡೆ ನೋಡಲಿಲ್ಲ. "ಎರಡು ವರ್ಷ," ಎಂದ ಮೆಲ್ಲಗೆ. "ಕಾಯ್ತೀರಾ ಅಂತ ಕೇಳೋಕೆ ನಂಗೆ ಯಾವ ಹಕ್ಕೂ ಇಲ್ಲ."

"ಕಾಯಲ್ಲ," ಎಂದಳು ಅವಳು.

ಅವನ ಮುಖ ಸಪ್ಪಗಾಯಿತು. ಸರಿ ಎನ್ನುವಂತೆ ತಲೆಯಾಡಿಸಿ, ಹೆಗಲ ಮೇಲಿನ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ.

"ಪೂರ್ತಿ ಕೇಳಿಸ್ಕೊಳ್ಳಿ," ಎಂದಳು. "ಇಲ್ಲಿ ಕೂತು ಕಾಯಲ್ಲ. ಒಂದು ಮೇಜು, ಒಂದು ಬರ್ನರು, ಒಂದು ಮೋಟಾರು. ಅಷ್ಟೇ ನನ್ನ ಲ್ಯಾಬು. ಕೈಯಲ್ಲಿರೋ ಕೆಲಸ ಮುಗಿಸಿ ಮುಂದಿನ ತಿಂಗಳು ನಾನೇ ಅಲ್ಲಿಗೆ ಬರ್ತೀನಿ. ಹಲ್ಲು ಎಲ್ಲಾ ಊರಲ್ಲೂ ಬೀಳುತ್ತೆ. ನಂಗೆ ನೀವು ಬೇಕು."

ಅವನು ಅವಳ ಕೈ ಹಿಡಿದುಕೊಂಡ. ಮೇಣ ಕಾಯಿಸಿ ಕಾಯಿಸಿ ಒರಟಾದ ಬೆರಳುಗಳ ತುದಿಯನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿದ. ಅವಳು ನಾಚಿ ನೀರಾದರೂ ಕೈ ಎಳೆದುಕೊಳ್ಳಲಿಲ್ಲ.

ಎರಡನೆಯ ಹಾರ್ನ್.

"ಹೋಗಬೇಕು," ಎಂದ.

"ಹೋಗಿ."

"ಕೈ ಬಿಟ್ರೆ ಹೋಗ್ತೀನಿ."

"ಹಿಡ್ಕೊಂಡಿರೋದು ನೀವು."

"ಸ್ವಲ್ಪ ಜಾಸ್ತಿ ಹಿಡ್ಕೊಂಡಿರೋದು ನೀವು."

ಮೂರನೆಯ ಹಾರ್ನ್ ಆಯಿತು. ನಾಲ್ಕನೆಯದೂ ಆಯಿತು. ಆಮೇಲೆ ಡ್ರೈವರು ಇಂಜಿನ್ ಆಫ್ ಮಾಡಿದ.